ಕೆಳಗಿಡುವುದೂ ಒಂದು ವ್ರತ

ಹೋದ ಭಾದ್ರಪದದಲ್ಲಿ, ನಮ್ಮ ಜೈನರ ದಶಲಕ್ಷಣ ಪರ್ವ ನಡೆಯುತ್ತಿದ್ದಾಗ, ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಒಂದು ನೋಟಿಸ್ ಹಾಕಿದರು. ಮೆಟ್ಟಿಲ ಬಳಿ, ಲಿಫ್ಟಿನ ಮುಂದೆ ಯಾರೂ ಸಾಮಾನು ಇಡಬಾರದು, ಬೆಂಕಿ ಬಿದ್ದರೆ ಓಡಲು ದಾರಿ ಬೇಕು, ಭಾನುವಾರದೊಳಗೆ ಎಲ್ಲ ತೆಗೆಯಬೇಕು ಎಂದು. ನ್ಯಾಯವಾದ ಮಾತು. ನಮ್ಮ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡು, ಮಗಳ ಹಳೇ ಸೈಕಲ್ಲು, ಪಾರ್ಸೆಲ್ ಬಂದ ರಟ್ಟಿನ ಡಬ್ಬಗಳು ಇದ್ದವು. ಅವನ್ನು ಒಳಗೆ ತರಲು ಜಾಗ ಬೇಕು. ಜಾಗ ಬೇಕೆಂದರೆ ಅಡುಗೆಮನೆಯ ಅಟ್ಟ ಇಳಿಸಬೇಕು. ಈ ಮನೆಗೆ ಬಂದ ಹನ್ನೆರಡು ವರ್ಷಗಳಲ್ಲಿ ಏರಿಸಿದ್ದೇ ಹೊರತು ಅಲ್ಲಿಂದ ಏನನ್ನೂ ಇಳಿಸಿದವರಲ್ಲ ನಾವು.

ನನಗೀಗ ಅರವತ್ತಮೂರು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಯಲಹಂಕದಲ್ಲಿ ಮೂರನೇ ಮಹಡಿಯ ಮನೆಯೊಂದರಲ್ಲಿ ಯಜಮಾನರೊಂದಿಗೆ ಇದ್ದೇನೆ. ತವರು ಹೊಂಬುಜದ ಹತ್ತಿರದ ಹಳ್ಳಿ. ಅಮ್ಮ ಅಣುವ್ರತ ಹಿಡಿದ ಶ್ರಾವಕಿ. ಪ್ರತಿ ವರ್ಷ ಪರ್ವದ ಮೊದಲ ದಿನ ಬಸದಿಯಿಂದ ಬಂದವಳೇ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು: ಸೀರೆ 8, ಹೊದಿಕೆ 2, ಕೊಡ 3, ಊಟದ ತಟ್ಟೆ 10. ವರ್ಷದಲ್ಲಿ ಒಂಬತ್ತನೇ ಸೀರೆ ಉಡುಗೊರೆಯಾಗಿ ಬಂದರೆ ಹಳೆಯದೊಂದು ಸೀರೆ ಮನೆಯಿಂದ ಹೊರಡಬೇಕು. ಇಟ್ಟುಕೊಳ್ಳುವುದಕ್ಕೆ ಮಿತಿ ಹಾಕುವ ಪರಿಗ್ರಹ ಪರಿಮಾಣ ಎಂದರೆ ಇದು. ಮುನಿಗಳು ಎಲ್ಲವನ್ನೂ ಬಿಡುತ್ತಾರೆ, ಅದು ಮಹಾವ್ರತ. ಸಂಸಾರಿಗೆ ಅಷ್ಟು ಆಗದು. ಹಾಗಾಗಿ ತಾನೇ ಒಂದು ಗೆರೆ ಎಳೆದುಕೊಂಡು, ಅದನ್ನು ದಾಟದೆ ಇರುವುದು ಅವನ ಅಣುವ್ರತ.

ಬಸದಿಯ ಪಾಠಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು: ಪರಿಗ್ರಹ ಇಪ್ಪತ್ತನಾಲ್ಕು ಬಗೆ. ಹೊರಗಿನದು 10, ಒಳಗಿನದು 14. ಹೊಲ, ಮನೆ, ಚಿನ್ನ, ಧಾನ್ಯ, ಬಟ್ಟೆ, ಪಾತ್ರೆ ಇವೆಲ್ಲ ಹೊರಗಿನವು. ಒಳಗಿನ ಪಟ್ಟಿಯಲ್ಲಿ ಕ್ರೋಧ, ಲೋಭ ಇರುವುದು ಸಹಜ. ಆದರೆ ಭಯ, ಶೋಕ, ಜುಗುಪ್ಸೆಗಳೂ ಇವೆ. ಹೆದರಿಕೆ, ದುಃಖ, ಹೇಸಿಗೆ ಇವು ಆಸ್ತಿ ಹೇಗಾದಾವು ಎಂದು ಆಗ ಹೊಳೆದಿರಲಿಲ್ಲ. ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮಕಾರ, ಎಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದೂ ಬಾಯಿಗೆ ಬರುತ್ತಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಅಟ್ಟದಿಂದ ಒಂದೊಂದೇ ಡಬ್ಬ ಇಳಿಸುತ್ತ ಹೋದಂತೆ ಅದು ಇಳಿಯಿತು.

ಮೊದಲು ಇಳಿದದ್ದು ಭಯ. ಹೋಟೆಲಿನಿಂದ ಊಟ ತರಿಸಿದಾಗ ಬಂದ ಪ್ಲಾಸ್ಟಿಕ್ ಡಬ್ಬಗಳು, ತೊಳೆದು ಒರೆಸಿ ಒಂದರೊಳಗೊಂದು ಕೂರಿಸಿದ್ದು, ನಲವತ್ತಾರು. ಮುಚ್ಚಳ ಇಪ್ಪತ್ತು ಮಾತ್ರ. ಕೆಟ್ಟುಹೋದ ಎರಡು ಮಿಕ್ಸಿ, ಯಾವ ಫೋನಿನದೆಂದು ತಿಳಿಯದ ಚಾರ್ಜರುಗಳ ಗಂಟು, ಮಾರಿಹೋದ ಸ್ಕೂಟರಿನ ಇನ್ಶೂರೆನ್ಸ್ ಕಾಗದ. ಒಂದೊಂದನ್ನೂ ಇಡುವಾಗ ಏನೆಂದುಕೊಂಡಿದ್ದೆನೋ ನೆನಪಿದೆ: ನಾಳೆ ಬೇಕಾದೀತು. ಅಟ್ಟ ತುಂಬಿದ್ದು ಡಬ್ಬದಿಂದ ಹೌದು. ಆದರೆ ಡಬ್ಬ ಏರಿಸಿದ ಕೈಯನ್ನು ಏರಿಸಿದ್ದು ನಾಳೆಯ ಹೆದರಿಕೆ. ಆ ಹೆದರಿಕೆ ಇಟ್ಟುಕೊಂಡು ಅಟ್ಟ ಖಾಲಿ ಮಾಡಿದರೆ ಆರು ತಿಂಗಳಲ್ಲಿ ಮತ್ತೆ ತುಂಬುತ್ತದೆ.

ಆಮೇಲೆ ಇಳಿದದ್ದು ಶೋಕ. ಅಮ್ಮನ ತಗಡಿನ ಟ್ರಂಕು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು, ಟ್ರಂಕು ತಂದ ದಿನ ಹೇಗಿತ್ತೋ ಹಾಗೇ ಇತ್ತು. ಐದು ಸೀರೆ, ಒಂದು ಕಡೆ ದಾರ ಕಟ್ಟಿದ ಕನ್ನಡಕ, ಜಪಮಾಲೆ, ಕ್ಯಾಲೆಂಡರ್ ಹಾಳೆಗಳ ಸುರುಳಿ, ಮತ್ತು ನೀರು ಸೋಸುವ ಬಿಳಿ ಬಟ್ಟೆ. ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಅಮ್ಮ, ಒಂದು ವರ್ಷ ಮುಟ್ಟದೇ ಇದ್ದದ್ದನ್ನೆಲ್ಲ ಕೊಟ್ಟುಬಿಡು. ಕೈಯಲ್ಲಿ ಹಿಡಿದು ನೋಡು, ಖುಷಿ ಆದರೆ ಇಟ್ಕೋ, ಇಲ್ಲದಿದ್ರೆ ಥ್ಯಾಂಕ್ಸ್ ಹೇಳಿ ಕಳಿಸು" ಎಂದಳು. ಕೈಯಲ್ಲಿ ಹಿಡಿದು ನೋಡುವ, ಥ್ಯಾಂಕ್ಸ್ ಹೇಳುವ ಮಾತು ಜಪಾನಿನ ಮರೀ ಕೊಂಡೊ ಅವರ ಪುಸ್ತಕದಲ್ಲಿದೆಯಂತೆ. ಒಳ್ಳೆಯ ಮಾತೇ, ವಸ್ತುವಿಗೂ ಕೃತಜ್ಞತೆ ಹೇಳುವುದು ನಮಗೆ ಹೊಸದಲ್ಲ, ಆಯುಧಪೂಜೆಯ ನಾಡು ಇದು. ಆದರೂ ಒಂದು ಪ್ರಶ್ನೆ ಉಳಿಯಿತು. ಅಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ವಸ್ತು. ವಸ್ತು ಬಾಗಿಲು ದಾಟಿದ ಮೇಲೆ ಅದನ್ನು ಹೊರುವ ಮೂರನೆಯವರು ಆ ಲೆಕ್ಕದಲ್ಲಿ ಇಲ್ಲ.

ದಶಲಕ್ಷಣದ ಹತ್ತು ದಿನಗಳಲ್ಲಿ ಎಂಟನೆಯದು ಉತ್ತಮ ತ್ಯಾಗ, ಒಂಬತ್ತನೆಯದು ಉತ್ತಮ ಆಕಿಂಚನ್ಯ. ತ್ಯಾಗವೆಂದರೆ ಬಿಡುವುದು, ಕೊಡುವುದು. ಆಕಿಂಚನ್ಯವೆಂದರೆ ಯಾವುದೂ ನನ್ನದಲ್ಲ ಎಂಬ ಭಾವ. ಒಂದೇ ಅರ್ಥದಂತೆ ಕಾಣುವ ಎರಡಕ್ಕೆ ಹಿರಿಯರು ಎರಡು ದಿನ ಏಕೆ ಇಟ್ಟರು? ಇದಕ್ಕೆ ಅಮ್ಮ ಹೇಳುತ್ತಿದ್ದ ಉತ್ತರ ಬಾಹುಬಲಿಯ ಕಥೆ. ಗೆದ್ದ ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಬಾಹುಬಲಿ ತಪಸ್ಸಿಗೆ ನಿಂತ. ಮಾಧವಿ ಬಳ್ಳಿ ತೊಡೆ ತೋಳಿಗೆ ಹಬ್ಬಿತು, ಕಾಲಡಿ ಹುತ್ತ ಬೆಳೆಯಿತು, ಪೂರ್ಣವಾದ ಅರಿವು, ಕೇವಲಜ್ಞಾನ, ಮಾತ್ರ ಬರಲಿಲ್ಲ. ನಾನು ನಿಂತ ನೆಲ ಅಣ್ಣ ಭರತನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಭರತ ಬಂದು ಕೈಮುಗಿದಾಗ ಆ ಮುಳ್ಳು ಕಳಚಿತು, ಜ್ಞಾನ ಬಂತು. "ತ್ಯಾಗ ಎಂಟನೇ ದಿನಕ್ಕೇ ಮುಗಿದಿತ್ತು ಮಗಾ, ಒಂಬತ್ತನೇ ದಿನ ಬಾಕಿ ಇತ್ತು" ಎನ್ನುತ್ತಿದ್ದಳು ಅಮ್ಮ. 58 ಅಡಿ ಎತ್ತರಕ್ಕೆ ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ಕಾಲದಿಂದ ನಾವು ನೋಡುತ್ತಿರುವುದು ಒಂಬತ್ತನೇ ದಿನವನ್ನು ದಾಟಿದವನ ಮುಖ.

ಆ ವಾರವೇ ಅಟ್ಟದ ಮೇಲಿನ ಹಳೇ ಉಪ್ಪಿನಕಾಯಿ ಜಾಡಿ ನನ್ನ ಕೈ ಜಾರಿ ಒಡೆಯಿತು. ಗಾಜಿನ ಜಾಡಿ. ಅಂಟು ಎಣ್ಣೆ, ಧೂಳು, ಸತ್ತ ಜಿರಲೆ ಎಲ್ಲ ಒಟ್ಟಿಗೆ. ಮುಖ ತಿರುಗಿಸಿಕೊಂಡು ಗುಡಿಸಿ, ಒಣ ಕಸದ ಚೀಲಕ್ಕೆ ಸುರಿದು, ಬಾಯಿ ಕಟ್ಟಿ ಹೊರಗಿಟ್ಟು ಬಾಗಿಲು ಹಾಕಿಕೊಂಡೆ. ಮನೆ ಹಗುರಾಯಿತು ಅನ್ನಿಸಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಹೊರಗೆ ಬಂದರೆ, ನಮ್ಮ ಬ್ಲಾಕಿನ ಕಸ ಒಯ್ಯುವ ಆಕೆಯ ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

"ಏನಾಯ್ತಮ್ಮಾ?"

"ಗಾಜು ತಾಗ್ತು ಅಮ್ಮಾ. ಚೀಲ ಅದುಮ್ತಿದ್ದೆ, ಒಳಗಡೆ ಇದ್ದದ್ದು ಗೊತ್ತಾಗ್ಲಿಲ್ಲ."

ಯಾವ ಮನೆಯದೆಂದು ಆಕೆಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಬಟ್ಟೆ ಬಿಚ್ಚಿಸಿ ನೋಡಿದೆ. ಹೆಬ್ಬೆರಳ ಬುಡದಿಂದ ಅಂಗೈ ನಡುವಿನವರೆಗೆ ಸೀಳು, ಅಂಚಿನಲ್ಲಿ ಅರಿಶಿನ. ನಾನು ಬಿಟ್ಟೆ ಅಂದುಕೊಂಡದ್ದು ಅವಳ ಕೈಯಲ್ಲಿ ಇತ್ತು. ಜುಗುಪ್ಸೆಯನ್ನು ಒಳಗಿನ ಪರಿಗ್ರಹ ಎಂದು ಏಕೆ ಎಣಿಸಿದರೆಂದು ನನಗೆ ಆ ಕ್ಷಣ ಅರ್ಥವಾಯಿತು. ಹೇಸಿಗೆ ಬಂದಾಗ ನಾವು ನೋಡುವುದಿಲ್ಲ. ನೋಡದೆ ಎಸೆದದ್ದು ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಆಕೆಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಕೊಡಿಸಿ, ಆ ಗಾಜು ನಮ್ಮ ಮನೆಯದು ಎಂದು ಹೇಳಿದೆ.

ಕೆಳಗಿಡುವುದು ಹೇಗೆಂದು ನಾನು ಹಿಂದೊಮ್ಮೆ ಕಂಡಿದ್ದೆ. 1981ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಅಮ್ಮ ನನ್ನನ್ನು ಕರೆದೊಯ್ದಿದ್ದಳು. ಮೂರ್ತಿ ನಿಂತು ಸಾವಿರ ವರ್ಷವಾದ ಸಂದರ್ಭ, ನನಗೆ ಹದಿನೆಂಟು. ಅಷ್ಟು ಜನಜಂಗುಳಿಯಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಒಂದು ಸಣ್ಣ ಸಂಗತಿ. ವಯಸ್ಸಾದ ಮುನಿಗಳೊಬ್ಬರು ಕೂರಲು ಬಂದರು. ಅವರ ಬಳಿ ಇದ್ದದ್ದು ನವಿಲುಗರಿಯ ಪಿಂಛಿ ಮತ್ತು ಕಮಂಡಲು. ಬಗ್ಗಿ ನೆಲವನ್ನು ನೋಡಿದರು. ಪಿಂಛಿಯಿಂದ ಮೆಲ್ಲಗೆ ಸವರಿದರು. ಮತ್ತೆ ನೋಡಿ, ಆ ಜಾಗದಲ್ಲಿ ಕಮಂಡಲು ಇಟ್ಟರು, ಶಬ್ದವೇ ಆಗಲಿಲ್ಲ. "ಇರುವೆ ಇದ್ದೀತು ಅಂತ" ಎಂದಳು ಅಮ್ಮ.

ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಇದಕ್ಕೆ ಆದಾನ ನಿಕ್ಷೇಪಣ ಎಂದು ಹೆಸರು: ಎತ್ತುವಾಗ, ಇಡುವಾಗ ಎಚ್ಚರ. ಐದನೆಯದು ಉತ್ಸರ್ಗ: ಮಲಮೂತ್ರವನ್ನು, ಬೇಡವಾದದ್ದನ್ನು ಬಿಡುವಾಗ ಯಾವ ಜೀವಕ್ಕೂ ನೋವಾಗದ ಜಾಗ ನೋಡಿ ಬಿಡುವುದು. ಎಲ್ಲವನ್ನೂ ತೊರೆದವರಿಗೂ ತೊರೆಯುವ ರೀತಿಯನ್ನು ನಿಯಮವಾಗಿ ಹೇಳಿದ್ದಾರೆ. ಹೀಗಿರುವಾಗ ಎಲ್ಲವನ್ನೂ ಇಟ್ಟುಕೊಂಡ ನಮಗೆ ಅದು ಬೇಡವೇ? ನನಗೆ ತೋರುವ ಮಟ್ಟಿಗೆ ಅಪರಿಗ್ರಹದ ತೂಕ ಇರುವುದು ಇಲ್ಲಿ. ಮನೆಯಲ್ಲಿ ಎಷ್ಟು ಕಡಿಮೆ ಉಳಿಯಿತು ಎಂಬುದರಿಂದ ಅದನ್ನು ಅಳೆಯಲಾಗದು. ಹೋದದ್ದು ಯಾರ ಮೇಲೆ ಭಾರವಾಯಿತು ಎಂದು ಕೇಳಬೇಕು.

ಟ್ರಂಕಿನ ಬಿಳಿ ಬಟ್ಟೆ ಇದನ್ನೇ ಹೇಳುತ್ತಿತ್ತು. ಊರಿನಲ್ಲಿ ಅಮ್ಮ ಬಾವಿಯಿಂದ ನೀರು ಸೇದಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ಸೋಸುತ್ತಿದ್ದಳು. ಸೋಸಿದ ಮೇಲೆ ಕೆಲಸ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಹಿಂಡುವಂತಿಲ್ಲ, ಜಗಲಿಗೆ ಝಾಡಿಸುವಂತಿಲ್ಲ. ಅದನ್ನು ತಿರುವಿ, ಸೋಸಿದ ನೀರನ್ನೇ ಮೇಲೆ ಹಾಕಿ, ಬಟ್ಟೆಗೆ ಅಂಟಿದ ಸೂಕ್ಷ್ಮ ಜೀವಗಳನ್ನು ಕೊಡಕ್ಕೆ ಇಳಿಸಿ, ಆ ಕೊಡವನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟದವರೆಗೂ ಬಿಟ್ಟು ಮೆಲ್ಲಗೆ ಮಗುಚುತ್ತಿದ್ದಳು. ಎಲ್ಲಿಂದ ಬಂದವೋ ಅಲ್ಲಿಗೇ, ಎತ್ತರದಿಂದ ಬೀಳದ ಹಾಗೆ. ನನ್ನ ಅಡುಗೆಮನೆಯಲ್ಲಿ ಈಗ ಆರ್‌ಓ ಫಿಲ್ಟರ್ ಇದೆ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಂದು ಕಂದು ಬಣ್ಣಕ್ಕೆ ತಿರುಗಿದ ಕ್ಯಾಂಡಲ್ಲು, ಕಾರ್ಟ್ರಿಡ್ಜು ತೆಗೆದು ಸಿಂಕಿನ ಪಕ್ಕ ಇಟ್ಟು ಹೋಗುತ್ತಾನೆ. ಶುದ್ಧ ನೀರು ನನಗೆ. ಸೋಸಿದ ಹೊಲಸು ಎಲ್ಲಿಗೆ ಎಂದು ಹನ್ನೆರಡು ವರ್ಷ ನಾನು ಕೇಳಿರಲಿಲ್ಲ.

ಕೇಳಬೇಕಿತ್ತು, ಉತ್ತರ ನಮ್ಮ ಮನೆಗೆ ದೂರವೇನೂ ಇಲ್ಲ. ಯಲಹಂಕದ ಹತ್ತಿರದ ಮಾವಳ್ಳಿಪುರಕ್ಕೆ ಬೆಂಗಳೂರಿನ ಕಸ ವರ್ಷಗಟ್ಟಲೆ ಹೋಗಿ ಬಿತ್ತು. ಹಳ್ಳಿಯವರು ತಾಳಲಾರದೆ ಪ್ರತಿಭಟಿಸಿ, 2012ರಲ್ಲಿ ಅದು ನಿಂತಾಗ ನಗರದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಆಗ ನಾವೆಲ್ಲ ಮೂಗು ಮುಚ್ಚಿಕೊಂಡು ಗೊಣಗಿದೆವು. ಆಮೇಲೆ ಭಾರ ಮಂಡೂರಿನವರ ಮೇಲೆ ಬಿತ್ತು, ಅವರೂ ಹೋರಾಡಿ ನಿಲ್ಲಿಸಬೇಕಾಯಿತು. ನಾವು ಹೊರಗೆ ಹಾಕಿದ್ದು ಇಲ್ಲವಾಗಿರಲಿಲ್ಲ, ಅವರ ಬಾವಿಯ ಪಕ್ಕಕ್ಕೆ ಹೋಗಿತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂದವು: ಹಸಿ ಕಸ, ಒಣ ಕಸ, ಬ್ಯಾಟರಿ, ಟ್ಯೂಬ್‌ಲೈಟಿನಂಥ ಅಪಾಯದ ಕಸ. ನನಗೆ ಅದೀಗ ಸರ್ಕಾರದ ನಿಯಮವಾಗಿ ಮಾತ್ರ ಕಾಣುವುದಿಲ್ಲ. ಸಂಸಾರಿಗಳ ಉತ್ಸರ್ಗ ಸಮಿತಿಯಾಗಿ ಕಾಣುತ್ತದೆ.

ಹೊರಗೆ ಹೋಗುವ ಬಾಗಿಲಿಗೆ ಇಷ್ಟು ಎಚ್ಚರ ಬೇಕಾದರೆ, ಒಳಗೆ ಬರುವ ಬಾಗಿಲಿಗೆ ಇನ್ನಷ್ಟು ಬೇಕು. ನಮ್ಮ ನಾಡಿನಲ್ಲಿ ಆ ಬಾಗಿಲನ್ನು ಎಲ್ಲರಿಗಿಂತ ಚೆನ್ನಾಗಿ ಕಾಯ್ದವಳು ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮ. ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಹೆಚ್ಚಿನದ್ದನ್ನು ಅಲ್ಲಿಗೇ ಸುರಿದು ಬಾ ಎಂದಳು. ಆಕೆಯ ಮನೆಯಲ್ಲಿ ಅಟ್ಟ ಇಳಿಸುವ ಕೆಲಸವೇ ಬರಲಿಲ್ಲ. ಪಾರ್ಸೆಲ್ ತರುವ ಹುಡುಗ ಬೆಲ್ ಮಾಡಿದಾಗಲೆಲ್ಲ ನನಗೀಗ ಲಕ್ಕಮ್ಮನ ನೆನಪು.

ಅಟ್ಟ ಖಾಲಿ ಮಾಡಲು ಒಂದು ಭಾನುವಾರ ಸಾಕಾಗಲಿಲ್ಲ, ಐದು ವಾರ ಹಿಡಿಯಿತು. ಮಿಕ್ಸಿ, ಚಾರ್ಜರುಗಳನ್ನು ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವವರಿಗೆ ನಾನೇ ಹೋಗಿ ಕೊಟ್ಟೆ. ಸೈಕಲ್ಲಿಗೆ ಟ್ಯೂಬು ಹಾಕಿಸಿದೆವು, ನಮ್ಮ ವಾಚ್‌ಮನ್ ಮಗ ಅದರಲ್ಲಿ ಶಾಲೆಗೆ ಹೋಗುತ್ತಾನೆ. ಪೇಪರು, ರಟ್ಟು ಗುಜರಿಗೆ. ಅಮ್ಮನ ನಾಲ್ಕು ಸೀರೆಗಳನ್ನು ಒಗೆದು, ಇಸ್ತ್ರಿ ಮಾಡಿಸಿ, ಉಡುವವರನ್ನು ಕೇಳಿ ಕೊಟ್ಟೆ. ಒಂದು ಸೀರೆ ಮತ್ತು ನೀರು ಸೋಸುವ ಬಟ್ಟೆ ಉಳಿದಿವೆ. ಅವನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ. ಒಂಬತ್ತನೇ ದಿನ ನನಗಿನ್ನೂ ಬಾಕಿ ಇದೆ.

ಪರ್ವ ಮುಗಿದ ಮೇಲೆ ನಾವು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತೇವೆ. ಸಾಮಾನ್ಯವಾಗಿ ನೆಂಟರನ್ನು, ಬಸದಿಗೆ ಬರುವವರನ್ನು. ಈ ಸಲ ಮೊದಲು ಕೇಳಿದ್ದು ಕಸ ಒಯ್ಯುವ ಆಕೆಯನ್ನು. ಆಕೆ ಮುಜುಗರದಿಂದ "ಬಿಡಿ ಅಮ್ಮಾ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇನ್ಮೇಲೆ ಗಾಜಿದ್ರೆ ಕೂಗಿ ಹೇಳಿ, ಕೈಯಲ್ಲೇ ಇಸ್ಕೊಂತೀನಿ" ಎಂದಳು.

ನಮ್ಮಲ್ಲಿ ದಾನ ನಾಲ್ಕು ಬಗೆ: ಆಹಾರ, ಔಷಧ, ಶಾಸ್ತ್ರ, ಅಭಯ. ಇನ್ನೊಂದು ಜೀವದ ಹೆದರಿಕೆ ಕಳೆಯುವುದು ಅಭಯದಾನ. ಅದಕ್ಕೆ ದೊಡ್ಡ ಸಿರಿ ಬೇಕಿಲ್ಲ. ನಿಮ್ಮ ಮನೆಯಲ್ಲಿ ಗಾಜು ಒಡೆದರೆ ನಾಲ್ಕು ಮಡಿಕೆ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಗಾಜು’ ಎಂದು ಬರೆಯಿರಿ. ಬಾಗಿಲಲ್ಲಿ ಇಟ್ಟು ಒಳಗೆ ಹೋಗಬೇಡಿ. ಒಯ್ಯುವವರು ಬರುವವರೆಗೆ ನಿಂತು, ಕೈಗೆ ಕೊಡಿ.