ನೀರು ಹಾಕಿದವರ ಮರ

ನಮ್ಮದಲ್ಲದ್ದನ್ನೂ ನಮ್ಮದೆಂಬಂತೆ ನೋಡಿಕೊಳ್ಳಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತಲೇ ನಿವೃತ್ತಳಾದವಳು ನಾನು. ಹಾಗೆ ನೋಡಿಕೊಂಡ ಮಾತ್ರಕ್ಕೆ ಅದು ನಮ್ಮದಾಗಿಬಿಡುತ್ತದೆಯೇ ಎಂಬ ಪ್ರಶ್ನೆ ಕಾಡಿದ್ದು ಆಮೇಲೆ, ಒಂದು ಅತ್ತಿಮರದ ದೆಸೆಯಿಂದ.

ನಂಜನಗೂಡಿನ ಬಾಡಿಗೆ ಮನೆ ಬಿಟ್ಟು ದೇವನೂರಿನ ಗಂಡನ ಮನೆಗೆ ಬಂದ ವರ್ಷ, ಹೊಲಕ್ಕೆ ಹೋಗುವ ದಾರಿಯ ಬದಿಯಲ್ಲಿ ಆರು ಸಸಿ ನೆಟ್ಟೆ. ಎರಡು ಅತ್ತಿ, ಎರಡು ಹೊಂಗೆ, ಎರಡು ಬೇವು. ಯಾರೂ ಹೇಳಿರಲಿಲ್ಲ. ಮಟಮಟ ಮಧ್ಯಾಹ್ನ ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸರಿಗೆ ದಾರಿಯಲ್ಲಿ ಒಂದಿಷ್ಟು ನೆರಳಿರಲಿ ಅನ್ನಿಸಿತು, ಅಷ್ಟೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಕೊಡ ಹೊತ್ತೆ. "ನಿನಗ್ಯಾಕೆ ಊರ ಉಸಾಬರಿ?" ಎಂದು ಮನೆಯವರು ನಕ್ಕರು.

ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ನೋಡುತ್ತೇನೆ, ಆಡು ಮೇಯಿಸುವ ಹೆಂಗಸೊಬ್ಬಳು ಕುಡುಗೋಲಿನಿಂದ ಅತ್ತಿಯ ಕೊಂಬೆ ಸವರುತ್ತಿದ್ದಾಳೆ! ಮೈಯೆಲ್ಲ ಉರಿದುಹೋಯಿತು. "ನಾನು ಸೊಂಟ ಮುರಿದುಕೊಂಡು ನೀರು ಹಾಕಿದ ಮರ ಇದು. ಯಾರನ್ನು ಕೇಳಿ ಕಡಿದೆ?" ಎಂದೆ.

"ನೀರು ಹಾಕ್ದೋರು ನೀವೇಯ, ಇಲ್ಲ ಅನ್ನಲ್ಲ ಅಮ್ಮೋರೆ. ಆದ್ರ ದಾರಿ ಊರಿಂದಲ್ವ?" ಎಂದಳು ಆಕೆ.

ಉತ್ತರ ಹೊಳೆಯದೆ ಮನೆಗೆ ಬಂದೆ.

ಸಾಲುಮರದ ತಿಮ್ಮಕ್ಕ ನನ್ನ ಕಡೆಯ ಸಾಕ್ಷಿ ಎಂದುಕೊಂಡಿದ್ದೆ. ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡ ಚಿಕ್ಕಯ್ಯನ ಜೊತೆ ಕೊಡ ಹೊತ್ತು, ಮುಳ್ಳು ಕಟ್ಟಿ, 385 ಆಲದ ಮರ ಬೆಳೆಸಿದ ತಾಯಿ ಆಕೆ. 2019ರಲ್ಲಿ ಪದ್ಮಶ್ರೀಯೂ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಆ ಮರಗಳಿಗೇ ಕುತ್ತು ಬಂದಾಗ, ಆಕೆಯೂ ಸರ್ಕಾರದ ಮುಂದೆ ಉಳಿಸಿಕೊಡಿ ಎಂದು ಕೇಳಬೇಕಾಯಿತು. ಹೊತ್ತ ನೀರು ಹಕ್ಕುಪತ್ರವಾಗುವುದಿಲ್ಲ. ಮರದ ಪರವಾಗಿ ಮಾತಾಡುವ ಅಧಿಕಾರ ಕೊಡುತ್ತದೆ, ಅಷ್ಟೆ. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡರು. ನೆರಳು ದಾರಿಹೋಕರಿಗೇ ಉಳಿಯಿತು.

ಶಿರಸಿಯ ಕಡೆಯ ಅಪ್ಪಿಕೋ ಚಳವಳಿಯೂ ನೆನಪಾಯಿತು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಕಾಡಿನಲ್ಲಿ ಹೆಂಗಸರೂ ಗಂಡಸರೂ ಮರ ತಬ್ಬಿ ನಿಂತರಲ್ಲ, ಅವರು ಕೇಳಿದ್ದು ಮೂರು: ಉಳಿಸು, ಬೆಳೆಸು, ಬಳಸು. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ ಕಾಡಿನಿಂದಲೇ ತರುವ ಜನ ಅವರು. ನಾನು ಮೊದಲೆರಡು ಮಾತು ಕಲಿತು ಮೂರನೆಯದನ್ನು ಮರೆತಿದ್ದೆ.

ಹಾಗೆಂದು ನನ್ನ ಸಿಟ್ಟು ಪೂರ್ತಿ ಸುಳ್ಳೇ? ಊರಿನದು ಎಂದರೆ ಯಾರದೂ ಅಲ್ಲ ಎಂದುಕೊಂಡೇ ಎಷ್ಟು ಊರುಗಳ ಗುಂಡುತೋಪು ಬಯಲಾಗಿಲ್ಲ? "ಬೇಡ" ಅನ್ನುವವರು ಒಬ್ಬರಾದರೂ ಬೇಕು. ಆದರೆ ಆ "ಬೇಡ" ಮರಕ್ಕಾಗಿಯೋ, ನಮ್ಮ ಹೆಸರಿಗಾಗಿಯೋ ಎಂದು ನಮಗೆ ನಾವೇ ಕೇಳಿಕೊಳ್ಳಬೇಕು. ನನ್ನ ಬಾಯಲ್ಲಿ ಅಂದು "ನಾನು" ಮೊದಲು ಬಂತು, ಮರ ಆಮೇಲೆ.

ವಾರ ಕಳೆದು ಆಕೆಯ ಮನೆಗೆ ಹೋದೆ. "ಕೆಳಗಿನ ಕೊಂಬೆ ಸವರಿಕೋ, ತುದಿ ಮುಟ್ಟಬೇಡ" ಎಂದೆ.

"ತುದಿಯ ನಾ ಎಲ್ಲಿ ಮುಟ್ಟಿದ್ದನವ್ವ? ನೀವು ಮಗಳ ಬಾಣಂತನ ಅಂತ ಮೂರು ತಿಂಗಳು ಮೈಸೂರಲ್ಲಿದ್ರಲ್ಲ, ಆಗ ಮುಳ್ಳು ಕಟ್ಟಿ ನೀರು ಹಾಕ್ದೋರು ಯಾರು ಅಂದ್ಕಂಡ್ರಿ?"

ನಾನು ಮಳೆ ಉಳಿಸಿತೆಂದುಕೊಂಡಿದ್ದೆ! ತಲೆ ತಗ್ಗಿಸಿ ಕೂತೆ. ಆಕೆ ಕಾಫಿ ಕಾಸಿ ಕೊಟ್ಟಳು.

ಈಗ ಬೇಸಿಗೆಯಲ್ಲಿ ಇಬ್ಬರೂ ಸರದಿಯಂತೆ ಕೊಡ ಹೊರುತ್ತೇವೆ. ಆದರೂ ಆಕೆ ಕುಡುಗೋಲು ಎತ್ತಿದಾಗ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ.