ಮತದ ಹಕ್ಕು: ಪಡೆದ ಸೊತ್ತೋ, ಹೊತ್ತ ಹೊಣೆಯೋ?

ಮಾರ್ಚ್ 8 ಬಂತೆಂದರೆ ಮಹಿಳಾ ಸಂಘಗಳಲ್ಲಿ ಸಡಗರ. ರಂಗೋಲಿ ಸ್ಪರ್ಧೆ, ಹಾಡು, ಸನ್ಮಾನ, ಭಾಷಣ. ಜನವರಿ 25ರ ಮತದಾರರ ದಿನದಂದು ಕೈಮುಂದೆ ಚಾಚಿ ಪ್ರತಿಜ್ಞೆ. ಬಂಗಾರಪೇಟೆ, ಕೆಜಿಎಫ್ ಕಡೆಯ ನಮಗೂ ಇವು ಹೊಸತಲ್ಲ. ಇವೆಲ್ಲ ಬೇಕು. ಆದರೆ ನಾವು ಯಾರನ್ನು ನೆನೆಯುತ್ತಿದ್ದೇವೆ, ಆ ನೆನಪು ನಮ್ಮಿಂದ ಏನನ್ನು ಬಯಸುತ್ತದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ?

ಹೆಣ್ಣಿನ ಮತದ ಹಕ್ಕು ಸ್ವಾತಂತ್ರ್ಯದ ಜೊತೆ ತಾನಾಗಿಯೇ ಬಂತೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ವಾಸ್ತವ ಬೇರೆ. 1917ರ ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು ಈ ಹಕ್ಕನ್ನು ಕೇಳಿತು. ಮಾರ್ಗರೆಟ್ ಕಸಿನ್ಸ್, ಬೇಗಂ ಹಸ್ರತ್ ಮೊಹಾನಿ ಅವರೂ ಅದರಲ್ಲಿದ್ದರು. 1919ರ ಕಾಯ್ದೆ ಹೆಣ್ಣಿಗೆ ಮತ ಕೊಡಲಿಲ್ಲ. ತೀರ್ಮಾನವನ್ನು ಪ್ರಾಂತಗಳಿಗೆ ಬಿಟ್ಟಿತು. 1921ರಲ್ಲಿ ಮದ್ರಾಸು ಒಪ್ಪಿತು. ನಮ್ಮ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಯಲ್ಲಿ ಹೆಣ್ಣೆಂಬ ಅಡ್ಡಿ ಹೋದದ್ದು 1923ರಲ್ಲಿ. ಆದರೂ ಆಸ್ತಿ, ವಿದ್ಯೆಗಳ ಅರ್ಹತೆ ಉಳಿದೇ ಇತ್ತು. ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಬದುಕಿದ್ದ ಹೆಣ್ಣಿಗೆ ಆಸ್ತಿಯೆಲ್ಲಿ, ಶಾಲೆಯೆಲ್ಲಿ? ಅವಳಿಗೂ ಬಾಗಿಲು ತೆರೆದದ್ದು 1950ರ ಸಂವಿಧಾನ.

ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೋದಂತಾಗಲಿಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯಲು ಮನೆಬಾಗಿಲಿಗೆ ಬಂದವರಿಗೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದರು. ಹೀಗೆ ಬರೆಸಿಕೊಂಡವರನ್ನು ಪಟ್ಟಿಯಲ್ಲಿ ಉಳಿಸಲು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಇದು ಅನ್ಯಾಯವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ನಿಲುವಿನ ಹಿಂದೆ ಒಂದು ಮಾತಿತ್ತು: ಮತ ಗಂಡನದ್ದಲ್ಲ, ಮಗನದ್ದಲ್ಲ, ಆಕೆಯದು. ತನ್ನ ಹೆಸರಿನಲ್ಲಿಯೇ ಆಕೆ ನಿಲ್ಲಬೇಕು.

ಹೆಸರು ಬರೆಸುವುದರ ಇನ್ನೊಂದು ಮುಖವನ್ನೂ ನಮ್ಮ ಕೆಜಿಎಫ್ ಕಂಡಿದೆ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಾಗ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಅದೂ ಪಟ್ಟಿಯೇ, ಮತದಾರರದ್ದೂ ಪಟ್ಟಿಯೇ. ಒಂದು ಮನುಷ್ಯನ ಮೇಲೆ ಕಣ್ಣಿಡಲು. ಇನ್ನೊಂದು ಆತನ, ಆಕೆಯ ಮಾತು ಕೇಳಲು. ಎರಡರಲ್ಲೂ ನಾವು ಎಣಿಕೆಗೆ ಸಿಗುತ್ತೇವೆ. ಮನುಷ್ಯರಾಗಿ ಗಣನೆಗೆ ಬರುವುದು ಎರಡನೆಯದರಲ್ಲಿ ಮಾತ್ರ.

ಸಂಘಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ, ಅದಕ್ಕೂ ಮುಂಚಿನ ಸ್ವಸಹಾಯ ಗುಂಪುಗಳು ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿದವು. ಉಳಿತಾಯ, ಸಾಲ, ಬ್ಯಾಂಕಿನ ವ್ಯವಹಾರ ಕಲಿಸಿದವು. ಅದೇ ಸಂಘಗಳನ್ನು ಬಸ್ಸು ತುಂಬಿಸಿ ಸಮಾವೇಶಗಳಿಗೆ ಒಯ್ಯುವುದನ್ನೂ ನಾವು ನೋಡಿದ್ದೇವೆ. ಅಲ್ಲಿ ಆಕೆ ತಲೆಯೆಣಿಕೆಗೆ ಬೇಕು, ಮಾತಿಗೆ ಬೇಡ. ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆಂದು 2010ರಲ್ಲಿ ಕರ್ನಾಟಕ ಕಾನೂನು ಮಾಡಿತು; ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡನ ಕುರ್ಚಿ ಹಾಕುವ ಅಭ್ಯಾಸ ಪೂರ್ತಿ ಹೋಗಿಲ್ಲ. ಇತ್ತ ಕೆಜಿಎಫ್ ಕ್ಷೇತ್ರ ಮಹಿಳಾ ಮೀಸಲಾತಿ ಇಲ್ಲದೆಯೇ 2013, 2018, 2023ರ ಮೂರೂ ವಿಧಾನಸಭಾ ಚುನಾವಣೆಗಳಲ್ಲಿ ಮಹಿಳೆಯನ್ನೇ ಆರಿಸಿತು. ಇದು ಹೆಮ್ಮೆಯ ಸಂಗತಿ. ಆದರೆ ಒಬ್ಬಾಕೆಯನ್ನು ಗೆಲ್ಲಿಸಿದ ಮೇಲೆ ಉಳಿದವರ ಕೆಲಸ ಮುಗಿಯಿತೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮಂದಿಯ ಬದುಕು ಬೆಂಗಳೂರಿನ ರೈಲಿಗೆ ಗಂಟುಬಿದ್ದಿದೆ. ನಸುಕಿನಲ್ಲಿ ಅಡುಗೆ ಮುಗಿಸಿ ರೈಲು ಹಿಡಿದು, ಕತ್ತಲಾದ ಮೇಲೆ ಮನೆ ಸೇರುವ ಹೆಣ್ಣಿಗೆ ಗ್ರಾಮಸಭೆಗೆ ಹೋಗು, ವಾರ್ಡಿನ ನೀರಿನ ಬಗ್ಗೆ ಕೇಳು ಎನ್ನುವುದು ಹೊರೆಯ ಮೇಲೆ ಹೊರೆಯಲ್ಲವೇ? ಹೌದು. ಒಬ್ಬಳೇ ಹೊರುವುದಾದರೆ ಖಂಡಿತ ಹೊರೆ. ಸಂಘ ಬೇಕಾಗಿರುವುದು ಅದಕ್ಕೇ. ಒಬ್ಬಾಕೆ ಮತದಾರರ ಪಟ್ಟಿ ನೋಡಲಿ, ಇನ್ನೊಬ್ಬಾಕೆ ಸಭೆಗೆ ಹೋಗಲಿ, ಮತ್ತೊಬ್ಬಾಕೆ ಅರ್ಜಿ ಬರೆಯಲಿ. ರೈಲಿನಲ್ಲಿರುವವಳ ಪರವಾಗಿಯೂ ಮಾತು ನಡೆಯಲಿ.

ಆದರೆ ಒಂದು ಎಚ್ಚರ ಅಗತ್ಯ. ಯಾರಿಗೆ ಮತ ಹಾಕಬೇಕೆಂದು ಸಂಘ ತೀರ್ಮಾನಿಸಬಾರದು. ಗಂಡ ಹೇಳಿದವರಿಗೆ ಹಾಕುತ್ತಿದ್ದವಳು ಸಂಘದ ಮುಖ್ಯಸ್ಥೆ ಹೇಳಿದವರಿಗೆ ಹಾಕಿದರೆ ಯಜಮಾನ ಬದಲಾದನೇ ಹೊರತು ಆಕೆ ಸ್ವತಂತ್ರಳಾಗಲಿಲ್ಲ. ರಸ್ತೆ, ನೀರು, ಪಡಿತರದ ಬಗ್ಗೆ ಒಟ್ಟಾಗಿ ಕೇಳೋಣ; ಮತಗಟ್ಟೆಯ ಮರೆಯಲ್ಲಿ ಒಬ್ಬೊಬ್ಬರನ್ನೂ ಅವರವರ ಮನಸ್ಸಾಕ್ಷಿಗೆ ಬಿಡೋಣ. ಭಿನ್ನವಾಗಿ ಯೋಚಿಸುವ ಸದಸ್ಯೆಗೆ ಸಾಲ ತಡೆಯುವ ಸಂಘ ಈ ಹಕ್ಕಿನ ಚರಿತ್ರೆಗೆ ಎಷ್ಟು ಹಾರ ಹಾಕಿದರೂ ಪ್ರಯೋಜನವಿಲ್ಲ.

ಹಾಗಾದರೆ ನೆನಪಿನ ದಿನ ಏನು ಮಾಡೋಣ? ರಂಗೋಲಿಯ ಜೊತೆಗೆ ಪಟ್ಟಿಯನ್ನೂ ಬಿಡಿಸೋಣ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿದೆಯೇ? ಹದಿನೆಂಟು ತುಂಬಿದ ಮಗಳ ಹೆಸರು ಸೇರಿದೆಯೇ? ನಮೂನೆ 6, ನಮೂನೆ 8 ತುಂಬಲು ಅರ್ಧ ಗಂಟೆ ಸಾಕು. ಅಂದು ತಮ್ಮ ಹೆಸರು ಹೇಳಲಾಗದೆ ಹೊರಗುಳಿದ ಆ 28 ಲಕ್ಷ ಮಂದಿಯ ಋಣ ನಮ್ಮ ಮೇಲಿದೆ. ನೆರೆಮನೆಯ ಒಬ್ಬ ಹೆಣ್ಣುಮಗಳ ಹೆಸರನ್ನು ಪಟ್ಟಿಯಲ್ಲಿ ಸರಿಯಾಗಿ ಬರೆಸಿದರೂ ಅದರಲ್ಲಿ ಸ್ವಲ್ಪ ತೀರಿಸಿದಂತೆ.