ಮುಚ್ಚಿಟ್ಟು ಮಾರಬೇಡ

ಭಾನುವಾರದ ಆರಾಧನೆಯ ಸಂದೇಶ, ಅರಸೀಕೆರೆ
ವಾಕ್ಯಭಾಗ: ಯಾಜಕಕಾಂಡ 25:14-17

ಬೇಲೂರು, ಹಳೇಬೀಡು, ಜಾವಗಲ್ ಕಡೆಯಿಂದ ಬೆಳಗ್ಗೆಯೇ ಬಸ್ ಹಿಡಿದು ಬಂದಿರುವ ಕುಟುಂಬಗಳಿಗಾಗಿ ಕರ್ತನಿಗೆ ಸ್ತೋತ್ರ. ಸತ್ಯವೇದ ತೆಗೆದುಕೊಳ್ಳಿ. ಯಾಜಕಕಾಂಡ ಇಪ್ಪತ್ತೈದನೇ ಅಧ್ಯಾಯ, ಹದಿನಾಲ್ಕರಿಂದ ಹದಿನೇಳನೇ ವಚನದವರೆಗೆ.

ಯಾಜಕಕಾಂಡ ಅಂದ ತಕ್ಷಣ ನಮಗೆ ಯಜ್ಞ, ಯಾಜಕರು, ರಕ್ತ ಇವೇ ನೆನಪಿಗೆ ಬರುತ್ತವೆ. ಆದರೆ ಇಲ್ಲಿ ದೇವರು ವ್ಯಾಪಾರದ ಬಗ್ಗೆ ಮಾತಾಡ್ತಿದ್ದಾನೆ. ಮಾರುವಾಗಲೂ ಕೊಳ್ಳುವಾಗಲೂ ಒಬ್ಬರಿಗೊಬ್ಬರು ಅನ್ಯಾಯ ಮಾಡಬಾರದು ಅಂತಾನೆ. ಆಮೇಲೆ ಲೆಕ್ಕವನ್ನೂ ಕಲಿಸ್ತಾನೆ. ಜೂಬಿಲಿ ಸಂವತ್ಸರದಲ್ಲಿ ಹೊಲ ಮೂಲ ಮನೆತನಕ್ಕೆ ವಾಪಸ್ ಹೋಗಬೇಕು. ಹಾಗಾಗಿ ಹೊಲ ಮಾರುವವನು ಇನ್ನು ಎಷ್ಟು ವರ್ಷದ ಬೆಳೆ ಉಳಿದಿದೆ ಅಂತ ಎಣಿಸಿ ಬೆಲೆ ಹೇಳಬೇಕು. ವರ್ಷ ಹೆಚ್ಚಿದ್ದರೆ ಬೆಲೆ ಹೆಚ್ಚು, ಕಮ್ಮಿಯಿದ್ದರೆ ಬೆಲೆ ಕಮ್ಮಿ. ಅಂದರೆ ಏನು? ಉಳಿದಿರುವುದಕ್ಕೆ ಮಾತ್ರ ಬೆಲೆ. ಇಲ್ಲದೇ ಇರೋದಕ್ಕೆ ದುಡ್ಡು ತಗೋಬಾರದು. ಕೊನೆಗೆ ಹದಿನೇಳನೇ ವಚನದಲ್ಲಿ ದೇವರಿಗೆ ಭಯಪಡುವುದನ್ನು ಇದೇ ವ್ಯವಹಾರಕ್ಕೆ ಜೋಡಿಸ್ತಾನೆ. ಆಮೆನ್ ಹೇಳ್ತೀರಾ?

ಈಗ ಒಂದು ವಿಷಯ ಹೇಳ್ತೀನಿ. ನಮ್ಮ ಮಧ್ಯೆ ಇರುವ ಒಬ್ಬ ಸಹೋದರ, ಹೇಳಲು ಅನುಮತಿ ಕೊಟ್ಟಿದ್ದಾನೆ, ತಾಯಿಯನ್ನ ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಯಾವ ಊರಲ್ಲಿ, ಯಾರ ಹತ್ತಿರ ಅಂತ ನಾನು ಹೇಳಲ್ಲ. ಪಾಲಿಶ್ ಹೊಡೆದಿದ್ದರು, ಹೊಸ ಸೀಟ್ ಕವರ್ ಹಾಕಿದ್ದರು, ಕಾರು ಮದುಮಗನ ಹಾಗೆ ನಿಂತಿತ್ತು. ಒಂದು ತಿಂಗಳಾದ ಮೇಲೆ ಮೆಕ್ಯಾನಿಕ್ ಕೆಳಗೆ ಮಲಗಿ ನೋಡ್ತಾನೆ, ಸೈಲೆನ್ಸರ್ ಸಾಲಿನಲ್ಲಿ ಇರಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಅದರೊಳಗೆ ಪ್ಲಾಟಿನಂ ಜಾತಿಯ ಬೆಲೆಬಾಳುವ ಲೋಹ ಇರುತ್ತೆ. ಅದನ್ನ ಕತ್ತರಿಸಿ ತೆಗೆದು ಬರೀ ಪೈಪ್ ವೆಲ್ಡ್ ಮಾಡಿದ್ದರು. ಸ್ಟೇರಿಂಗ್ ಬಿಚ್ಚಿದರೆ ಏರ್‌ಬ್ಯಾಗೂ ಇಲ್ಲ. ಮೇಲೆ ಕವರ್ ಮಾತ್ರ ಅಂಟಿಸಿದ್ದರು.

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಹೊತ್ತಿಕೊಂಡೇ ಇದ್ದರೆ ಏನೋ ದೋಷ ಇದೆ ಅಂತ ಅರ್ಥ. ಈ ಕಾರಿನಲ್ಲಿ ದೀಪ ಹೊತ್ತುತ್ತಲೇ ಇರಲಿಲ್ಲ. ನಮ್ಮ ಸಹೋದರ ಏನಂದುಕೊಂಡ? ದೀಪ ಇಲ್ಲ, ಹಾಗಾದ್ರೆ ಎಲ್ಲ ಸರಿಯಾಗಿದೆ ಅಂದುಕೊಂಡ. ಪ್ರಿಯರೇ, ಎಚ್ಚರಿಸೋ ದೀಪವನ್ನೇ ಕಿತ್ತಿದ್ದರು. ಮನಸ್ಸಾಕ್ಷಿಗೂ ಹೀಗೆ ಆಗಬಹುದು ಅಂತ ಪೌಲನು 1 ತಿಮೊಥೆ 4:2ರಲ್ಲಿ ಬರೀತಾನೆ, ಬರೆ ಹಾಕಿಸಿಕೊಂಡು ಜಡವಾದ ಮನಸ್ಸಾಕ್ಷಿ. ಒಳಗೆ ಏನೂ ಚುಚ್ಚುತ್ತಿಲ್ಲ ಅಂದ್ರೆ ನಾನು ಸರಿ ಇದ್ದೀನಿ ಅಂತಲ್ಲ. ದೀಪ ಇದೆಯಾ ನೋಡಿಕೊಳ್ಳಿ!

ಮೊದಲನೆಯದಾಗಿ, ಸುಮ್ಮನಿರುವುದು ಯಾವಾಗ ಸುಳ್ಳಾಗುತ್ತೆ?

"ನಾನು ಸುಳ್ಳು ಹೇಳಿಲ್ಲ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂತಾರೆ. ನಮ್ಮ ದೇಶದ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಅಂದರೆ ಏನು ಅಂತ ವಿವರಿಸುತ್ತೆ. ಗೊತ್ತಿರುವ ವಿಷಯವನ್ನ ಬೇಕಂತಲೇ ಮುಚ್ಚಿದರೆ ಅದು ವಂಚನೆ. ಆದ್ದರಿಂದ ಖಾಲಿ ಜಾಗದ ಮೇಲೆ ಕವರ್ ಅಂಟಿಸೋದು ಬರೀ ಮೌನ ಅಲ್ಲ. ಅದೇ ಸೆಕ್ಷನ್‌ನಲ್ಲಿ ಕುದುರೆಯ ಉದಾಹರಣೆಗಳಿವೆ. ಕುದುರೆಗೆ ದೋಷ ಇದೆ ಅಂತ ಗೊತ್ತಿದ್ದೂ ಒಬ್ಬ ಅದನ್ನ ಹರಾಜಿನಲ್ಲಿ ಮಾರ್ತಾನೆ, ಸುಮ್ಮನಿರ್ತಾನೆ. ಕಾನೂನು ಅದನ್ನ ವಂಚನೆ ಅನ್ನಲ್ಲ. ಆದರೆ ಕೊಳ್ಳುವವಳು ಅವನ ಸ್ವಂತ ಮಗಳು, ಈಗಷ್ಟೇ ವಯಸ್ಸಿಗೆ ಬಂದವಳು ಆಗಿದ್ದರೆ? ಆಗ ಹೇಳಲೇಬೇಕು, ಸಂಬಂಧವೇ ಅವನ ಬಾಯಿ ತೆರೆಸುತ್ತೆ ಅಂತ ಆ ಕಾಯ್ದೆ ಹೇಳುತ್ತೆ.

ಹಲ್ಲೆಲೂಯಾ! ಕಾನೂನು ಪರಕೀಯನ ಮುಂದೆ ಸುಮ್ಮನಿರಲು ಒಂದಿಷ್ಟು ಜಾಗ ಬಿಡುತ್ತೆ. ಕರ್ತನು ಬಿಡಲ್ಲ. ಯಾಜಕಕಾಂಡದ ಈ ವಾಕ್ಯ ಕೊಳ್ಳುವವನನ್ನ ಸಹೋದರ ಅಂತ ನೋಡುತ್ತೆ. ನೆರೆಯವನು ಯಾರು ಅಂತ ಕೇಳಿದವನಿಗೆ ಯೇಸು ಸಮಾರ್ಯದವನ ಕಥೆ ಹೇಳಿ ಆ ಗಡಿಯನ್ನೇ ಅಳಿಸಿಬಿಟ್ಟ. ನಿಮ್ಮ ಗಾಡಿ ನೋಡೋಕೆ ಬಂದವನು ಯಾವ ಜಾತಿ, ಯಾವ ಸಭೆ, ಯಾವ ಊರಿನವನಾದರೂ ಸರಿ, ಅವನ ಜಾಗದಲ್ಲಿ ನಿಮ್ಮ ಮಗಳನ್ನ ನಿಲ್ಲಿಸಿ. ಅವಳಿಗೆ ಏನು ಹೇಳ್ತಿದ್ದಿರೋ ಅದನ್ನೇ ಇವನಿಗೂ ಹೇಳಿ.

ನಮ್ಮ ಭಾಗದಲ್ಲಿ ಕೊಬ್ಬರಿ ವ್ಯಾಪಾರ ಗೊತ್ತಿಲ್ಲದವರು ಯಾರು? ಕಾಯಿಯನ್ನ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸ್ತೀವಿ. ಉಂಡೆ ಹೊರಗಿನಿಂದ ಚೆನ್ನಾಗಿರುತ್ತೆ, ಒಳಗೆ ಕೆಟ್ಟಿರಬಹುದು. ಚೀಲದ ಮೇಲೆ ಒಳ್ಳೇದು, ಅಡಿಯಲ್ಲಿ ಕೆಟ್ಟದ್ದು ತುಂಬೋನು ಕಾರಿಗೆ ಕವರ್ ಅಂಟಿಸಿದವನನ್ನ ಬೈಯೋಕೆ ಆಗುತ್ತಾ? ಗೋಧಿಯ ಕಸವನ್ನೂ ಮಾರುವವರ ಬಗ್ಗೆ ಆಮೋಸ 8:6ರಲ್ಲಿ ದೇವರು ಎಷ್ಟು ಕೋಪದಿಂದ ಮಾತಾಡ್ತಾನೆ, ಮನೆಗೆ ಹೋಗಿ ಓದಿ. ಕೊಳ್ಳುವವರೂ ಕೇಳಿಸ್ಕೊಳ್ಳಿ. ಜ್ಞಾನೋಕ್ತಿ 20:14ರಲ್ಲಿ ಒಬ್ಬ ಗಿರಾಕಿ ಇದ್ದಾನೆ. ವಸ್ತುವನ್ನ ಕೆಟ್ಟದ್ದು ಅಂತ ಹಳಿದು ಬೆಲೆ ಇಳಿಸ್ತಾನೆ, ಆಚೆ ಹೋಗಿ ಹೆಮ್ಮೆ ಪಡ್ತಾನೆ. ಸುಳ್ಳು ಎರಡೂ ಕಡೆ ಇದೆ.

ಹಳೇಬೀಡಿನ ದೇವಸ್ಥಾನಕ್ಕೆ ಮೇಲೆ ಗೋಪುರ ಇಲ್ಲ. ಅದನ್ನ ಯಾರೂ ಮುಚ್ಚಿಡಲ್ಲ, ಆದರೂ ಜನ ಬಂದು ನೋಡ್ತಾರೆ. ಇಲ್ಲದ್ದನ್ನ ಇಲ್ಲ ಅಂತ ಹೇಳಿದರೆ ಇರೋದರ ಬೆಲೆ ಹೋಗಲ್ಲ.

ಎರಡನೆಯದಾಗಿ, ಬಚ್ಚಿಟ್ಟ ಭಾಗ ದೇವರಿಗೆ ಕಾಣುತ್ತೆ.

ಅಪೊಸ್ತಲರ ಕೃತ್ಯಗಳು ಐದನೇ ಅಧ್ಯಾಯದಲ್ಲಿ ಅನನೀಯ ಮತ್ತು ಸಪ್ಫೈರ ಭೂಮಿ ಮಾರಿದರು. ಹಣದಲ್ಲಿ ಒಂದು ಭಾಗ ಇಟ್ಟುಕೊಂಡರು. ಇಟ್ಟುಕೊಂಡದ್ದು ತಪ್ಪಾ? ಅಲ್ಲ, ಅದು ನಿನ್ನದೇ ಆಗಿತ್ತಲ್ಲ ಅಂತ ಪೇತ್ರನೇ ಅವನನ್ನ ಕೇಳ್ತಾನೆ. ಅರ್ಧವನ್ನ ಪೂರ್ತಿ ಅಂತ ತೋರಿಸಿದ್ದು ತಪ್ಪು. ಅದೇ ಕಾರಿನ ಕಥೆ, ಭಾಗ ಇಲ್ಲ, ಬೆಲೆ ಮಾತ್ರ ಪೂರ್ತಿ. ಗೊತ್ತಿದ್ದೂ ಹೇಳದವನ ಮೇಲೆ ಹೊಣೆ ಎಷ್ಟು ದೊಡ್ಡದು ಅಂತ ವಿಮೋಚನಕಾಂಡ 21:29 ನೋಡಿ. ಎತ್ತು ಹಾಯುತ್ತೆ ಅಂತ ಯಜಮಾನನಿಗೆ ಮೊದಲೇ ತಿಳಿಸಿದ್ದರೂ ಕಟ್ಟದೇ ಬಿಟ್ಟರೆ, ಸತ್ತವನ ಪ್ರಾಣಕ್ಕೆ ಅವನೇ ಹೊಣೆ. ಏರ್‌ಬ್ಯಾಗ್ ಇಲ್ಲದ ಗಾಡಿ ಶಿರಾಡಿ ಘಾಟಿ ಇಳಿಯುವಾಗ ಏನಾದರೂ ಆದರೆ, ಗೊತ್ತಿದ್ದು ಮಾರಿದವನು ದೇವರ ಮುಂದೆ ಏನು ಹೇಳ್ತಾನೆ?

ಮೂರನೆಯದಾಗಿ, ಮೋಸ ಹೋದವನು ಏನು ಮಾಡಬೇಕು?

ಈ ಸಹೋದರ ನನ್ನ ಹತ್ತಿರ ಬಂದದ್ದು ಇದಕ್ಕೇ. "ಪಾಸ್ಟರ್, ಬೇರೆ ಊರಲ್ಲಿ ಹಾಗೇ ಮಾರಿಬಿಡು, ಯಾರಿಗೂ ಗೊತ್ತಾಗಲ್ಲ ಅಂತಿದ್ದಾರೆ. ಹೇಳಿ ಮಾರಿದರೆ ನಲವತ್ತು ಸಾವಿರ ಕಮ್ಮಿ ಆಗುತ್ತೆ. ಅದು ಅಮ್ಮನ ಔಷಧಿ ದುಡ್ಡು. ಏನು ಮಾಡಲಿ?" ಸುಲಭದ ಪ್ರಶ್ನೆ ಅಲ್ಲ.

ಕ್ಷಮಿಸು ಅಂದೆ. ಆದರೆ ಕ್ಷಮೆ ಅಂದರೆ ಬಾಯಿ ಮುಚ್ಕೊಂಡು ಕೂರೋದಲ್ಲ. ಪೌಲನು ತನಗೆ ನ್ಯಾಯ ಬೇಕಾದಾಗ ಕೈಸರನಿಗೆ ಮೊರೆಯಿಟ್ಟ. ಮೊದಲು ಮಾರಿದವರ ಹತ್ತಿರ ಹೋಗಿ ಶಾಂತವಾಗಿ ಕೇಳಲಿ, ಬರವಣಿಗೆಯಲ್ಲಿ ಕೊಡಲಿ. ಅಂಗಡಿಯವರಿಂದ ತಗೊಂಡ ಗಾಡಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಹಾಸನದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. 1915ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆದರೆ ಮುಚ್ಚಿಟ್ಟು ಇನ್ನೊಬ್ಬನಿಗೆ ಮಾರಬೇಡ ಅಂದೆ. ಮೊದಲ ಓನರ್, ಎರಡನೇ ಓನರ್, ಮೂರನೇ ಓನರ್ ಅಂತ ಆರ್‌ಸಿ ಕೈ ಬದಲಾಯಿಸಿದ ಹಾಗೆ ಪಾಪವೂ ಕೈ ಬದಲಾಯಿಸುತ್ತೆ. ಎಲ್ಲೋ ಒಬ್ಬನ ಹತ್ತಿರ ಅದು ನಿಲ್ಲಬೇಕು. ಮೃಗ ಕೊಂದ ಕುರಿಯ ನಷ್ಟವನ್ನ ಯಾಕೋಬನು ಲಾಬಾನನ ಮೇಲೆ ಹಾಕದೇ ತಾನೇ ಹೊತ್ತ, ಆದಿಕಾಂಡ 31:39. ಲಾಬಾನ ಅವನಿಗೆ ಮೋಸ ಮಾಡಿದ್ದ, ಲೇಯಳನ್ನ ಕೊಟ್ಟಿದ್ದ! ಆದರೂ ಯಾಕೋಬ ನಷ್ಟವನ್ನ ಮುಂದೆ ದಾಟಿಸಲಿಲ್ಲ. ನಮ್ಮ ಕರ್ತನೋ, ಬಾಯಲ್ಲಿ ಒಂದು ವಂಚನೆಯೂ ಇಲ್ಲದವನು, ನಮ್ಮೆಲ್ಲರ ಲೆಕ್ಕವನ್ನ ಶಿಲುಬೆಯ ಮೇಲೆ ತನ್ನ ಹತ್ತಿರವೇ ನಿಲ್ಲಿಸಿಕೊಂಡ. ಸ್ತೋತ್ರ!

ಸಭೆಗೂ ಒಂದು ಮಾತು. ಸತ್ಯ ಹೇಳಿ ಒಬ್ಬ ನಲವತ್ತು ಸಾವಿರ ಕಳ್ಕೊಂಡರೆ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಆಗಲ್ಲ. ಗಲಾತ್ಯ 6:2 ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅನ್ನುತ್ತೆ. ಗಾಡಿ ಇರುವವರು ಆ ತಾಯಿಯನ್ನ ಸರದಿಯಂತೆ ಹಾಸನಕ್ಕೆ ಕರ್ಕೊಂಡು ಹೋಗಬಹುದು. ಆರಾಧನೆ ಮುಗಿದ ಮೇಲೆ ಹೆಸರು ಕೊಡಿ.

ಹೊಸದಾಗಿ ಗಾಡಿ ತಗೊಂಡು ಪ್ರಾರ್ಥನೆಗೆ ತರ್ತೀರಿ, ಸಂತೋಷ. ದುಡ್ಡು ಕೊಡೋ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ಪಾಸ್ಟರ್‌ಗೆ ತನ್ನಿ. ಮಾರುವವರು ಒಂದು ಹಾಳೆಯಲ್ಲಿ ಏನಿದೆ, ಏನಿಲ್ಲ ಬರೆದು ಇಬ್ಬರೂ ಸಹಿ ಹಾಕಿ. ಈಗಾಗಲೇ ಯಾರಿಗಾದರೂ ಮುಚ್ಚಿಟ್ಟು ಮಾರಿದ್ದೀರಾ? ಜಕ್ಕಾಯ ನಾಲ್ಕರಷ್ಟು ಹಿಂದಕ್ಕೆ ಕೊಡ್ತೀನಿ ಅಂದ. ನೀವು ಈ ವಾರ ಒಂದು ಫೋನ್ ಮಾಡಿ ಶುರು ಮಾಡಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ಕಣ್ಣಿಗೆ ಮರೆಯಾದದ್ದು ಒಂದೂ ಇಲ್ಲ. ನಮ್ಮ ಅಂಗಡಿ, ನಮ್ಮ ಹೊಲ, ನಮ್ಮ ಮಾತು ಎಲ್ಲವನ್ನೂ ಶೋಧಿಸು ಸ್ವಾಮಿ. ಮೋಸ ಹೋದವರಿಗೆ ನ್ಯಾಯ ಕೊಡು, ಮೋಸ ಮಾಡಿದವರಿಗೆ ಪಶ್ಚಾತ್ತಾಪ ಕೊಡು. ಆ ಸಹೋದರನ ಮನೆಯನ್ನ, ಆ ತಾಯಿಯ ಶರೀರವನ್ನ ಮುಟ್ಟು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.